ಮೀಥೊಟ್ರೆಕ್ಸೇಟ್ ಸಾಲದಾದಾಗ ಮುಂದೇನು? ರುಮಟಾಯ್ಡ್ ಸಂಧಿವಾತಕ್ಕೆ ಇರುವ ಐದು ದಾರಿಗಳ ಹೋಲಿಕೆ

ರುಮಟಾಯ್ಡ್ ಸಂಧಿವಾತಕ್ಕೆ ಸಾಮಾನ್ಯವಾಗಿ ಮೊದಲು ಕೊಡುವ ಮಾತ್ರೆ ಮೀಥೊಟ್ರೆಕ್ಸೇಟ್. ಅದನ್ನು ವಾರಕ್ಕೊಮ್ಮೆ ನುಂಗಲು ಶುರು ಮಾಡಿ ಕೆಲವು ತಿಂಗಳಾಗಿವೆ. ಫೋಲಿಕ್ ಆಸಿಡ್ ಕೂಡ ತಪ್ಪಿಸಿಲ್ಲ. ಆದರೂ ಬೆಳಗ್ಗೆ ಎದ್ದರೆ ಬೆರಳು ಮಡಚಲು ಆಗುವುದಿಲ್ಲ, ಮಣಿಕಟ್ಟಿನ ಊತ ಇಳಿದಿಲ್ಲ. ಆಗ ರುಮಟಾಲಜಿಸ್ಟ್ ಹೇಳುತ್ತಾರೆ: "ಬಯಾಲಜಿಕ್ ಇಂಜೆಕ್ಷನ್ ಶುರು ಮಾಡೋಣ, ಇಲ್ಲಾಂದ್ರೆ ಟೋಫಾಸಿಟಿನಿಬ್ ಮಾತ್ರೆ ಇದೆ. ಯೋಚನೆ ಮಾಡಿ ಹೇಳಿ." ಬಯಾಲಜಿಕ್ ಅಂದರೆ ಜೀವಂತ ಕಣಗಳಲ್ಲಿ ಬೆಳೆಸಿ ತಯಾರಿಸುವ ಪ್ರೋಟೀನ್ ಔಷಧಿ. ಮನೆಗೆ ಬಂದು ಎಲ್ಲರೂ ಹುಡುಕುವುದು ಒಂದೇ ಉತ್ತರ. ಇವುಗಳಲ್ಲಿ ಯಾವುದು ಜಾಸ್ತಿ ಪವರ್‌ಫುಲ್?

ಆ ಪ್ರಶ್ನೆ ಹಿಡಿದುಕೊಂಡು ಹೆಚ್ಚು ದೂರ ಹೋಗಲು ಆಗುವುದಿಲ್ಲ. ಈ ಔಷಧಿಗಳನ್ನು ಎದುರುಬದುರು ನಿಲ್ಲಿಸಿ ಮಾಡಿದ ಹೆಚ್ಚಿನ ಪರೀಕ್ಷೆಗಳಲ್ಲಿ ಕೀಲುನೋವು, ಊತ ಕಡಿಮೆಯಾಗುವ ವಿಷಯದಲ್ಲಿ ಅಂತರ ಅಷ್ಟೇನೂ ದೊಡ್ಡದಲ್ಲ. ನಿಜವಾದ ವ್ಯತ್ಯಾಸ ಇರುವುದು ಬೇರೆ ಕಡೆ. ಒಂದೊಂದು ಔಷಧಿಯೂ ರೋಗನಿರೋಧಕ ಕಣಗಳ (ಜೀವಕೋಶಗಳ) ಮೇಲೆ ಸಂಕೇತ ಹಿಡಿಯುವ ಒಂದೊಂದು ರಿಸೆಪ್ಟರ್‌ನ ಕೆಲಸವನ್ನು ನಿಲ್ಲಿಸುತ್ತದೆ. ಆ ರಿಸೆಪ್ಟರ್ ಕೀಲನ್ನು ಹಾಳು ಮಾಡುವುದಕ್ಕೆ ಮಾತ್ರ ಇದ್ದದ್ದಲ್ಲ. ಕ್ಷಯದ ರೋಗಾಣುವನ್ನು ಕಟ್ಟಿಹಾಕುವುದು, ಜ್ವರ ಬರಿಸುವುದು, ರಕ್ತ ಹುಟ್ಟಿಸುವುದು, ಲಸಿಕೆಯನ್ನು ನೆನಪಿಡುವುದು, ಹೀಗೆ ಅದಕ್ಕೆ ಬೇರೆ ಕೆಲಸಗಳೂ ಇದ್ದವು. ಅವುಗಳಲ್ಲಿ ಯಾವ ಕೆಲಸ ನಿಂತರೆ ನಿಮ್ಮ ದೇಹ ತಡೆದುಕೊಳ್ಳುತ್ತದೆ, ಯಾವುದು ನಿಂತರೆ ತಡೆದುಕೊಳ್ಳುವುದಿಲ್ಲ? ಆಯ್ಕೆ ಮಾಡಬೇಕಾದ್ದು ಇದನ್ನು ನೋಡಿ.

ಇಲ್ಲಿ ಬರೆದಿರುವುದು ವೈದ್ಯರ ಜೊತೆ ಕೂತು ಮಾತಾಡುವುದಕ್ಕೆ ಸಹಾಯವಾಗಲಿ ಎಂದು. ಇದನ್ನು ಓದಿ ಯಾರೂ ತಾವಾಗಿಯೇ ಔಷಧಿ ಬದಲಿಸಬೇಡಿ.

ಮೊದಲು, ಕೀಲಿನಲ್ಲಿ ಏನಾಗುತ್ತಿದೆ

ರಿಸೆಪ್ಟರ್ ಅಂದರೆ ಕಣದ ಮೈಮೇಲಿರುವ ಒಂದು ಪ್ರೋಟೀನ್. ಹೊರಗಿನಿಂದ ಬಂದ ಸಂಕೇತ ಅದಕ್ಕೆ ಅಂಟಿಕೊಂಡರೆ ಕಣದ ಒಳಕ್ಕೆ ಸುದ್ದಿ ಮುಟ್ಟುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಇಂಥ ಹಲವು ರಿಸೆಪ್ಟರ್‌ಗಳು ಸಾಲಾಗಿ ಕೆಲಸ ಮಾಡುತ್ತವೆ.

ಎಲ್ಲಕ್ಕಿಂತ ಮೇಲಿರುವುದು ಟಿ ಕಣದ ರಿಸೆಪ್ಟರ್. ಟಿ ಕಣ, ಬಿ ಕಣ ಎರಡೂ ದೇಹ ಕಾಯುವ ಬಿಳಿ ರಕ್ತಕಣಗಳ ಬಗೆಗಳು. ನಮ್ಮದೇ ಪ್ರೋಟೀನುಗಳಲ್ಲಿ ಆರ್ಜಿನಿನ್ ಎಂಬ ಭಾಗ ಸಿಟ್ರುಲಿನ್ ಆಗಿ ಬದಲಾಗುವುದುಂಟು. ಸಿಗರೇಟು ಸೇದುವವರ ಶ್ವಾಸಕೋಶದಲ್ಲಿ ಇದು ಜಾಸ್ತಿ. ಹೀಗೆ ಬದಲಾದ ತುಣುಕನ್ನು ಎಚ್‌ಎಲ್‌ಎ-ಡಿಆರ್ ಎಂಬ ಪ್ರೋಟೀನ್ ಹಿಡಿದು ಟಿ ಕಣಕ್ಕೆ ತೋರಿಸುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಬಂದಿರುವ ಎಚ್‌ಎಲ್‌ಎ-ಡಿಆರ್‌ಬಿ1 ಬಗೆಗಳು ಈ ತುಣುಕನ್ನು ಚೆನ್ನಾಗಿ ಹಿಡಿಯುತ್ತವೆ. ಅವರಿಗೆ ಕಾಯಿಲೆಯ ಸಾಧ್ಯತೆಯೂ ಹೆಚ್ಚು. ಟಿ ಕಣ ಅದನ್ನು ಹೊರಗಿನದು ಎಂದುಕೊಂಡರೆ ಬಿ ಕಣಗಳಿಗೆ ಸಹಾಯ ಮಾಡುತ್ತದೆ. ಬಿ ಕಣದ ಸಂತತಿ ಆಂಟಿ ಸಿಸಿಪಿ, ಆರ್‌ಎ ಫ್ಯಾಕ್ಟರ್ ಎಂಬ ಆಂಟಿಬಾಡಿಗಳನ್ನು ಮಾಡುತ್ತದೆ. ನಿಮ್ಮ ರಕ್ತಪರೀಕ್ಷೆಯ ಚೀಟಿಯಲ್ಲಿ ಇರುವ ಹೆಸರುಗಳೇ ಇವು. ನೋವು ಶುರುವಾಗುವ ಎಷ್ಟೋ ವರ್ಷ ಮೊದಲೇ ಇವು ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ಆಮೇಲೆ ಕೀಲಿನೊಳಗೆ ಟಿಎನ್‌ಎಫ್, ಐಎಲ್-6 ಎಂಬ ಸಂಕೇತಗಳು ಸುರಿಯುತ್ತವೆ. ಊತ, ಬಿಸಿ, ಮೂಳೆ ಸವೆತ ಎಲ್ಲ ಅಲ್ಲಿಂದ.

ಹಾಗಾದರೆ ತಪ್ಪು ಮಾಡಿದ ಆ ಟಿ ಕಣದ ರಿಸೆಪ್ಟರನ್ನೇ ಮುಚ್ಚಿಬಿಟ್ಟರೆ ಮುಗೀತಲ್ವಾ? ಮುಗಿಯುತ್ತಿತ್ತು, ಆದರೆ ಆ ಒಂದನ್ನು ಹುಡುಕುವುದೇ ಕಷ್ಟ. ಈ ರಿಸೆಪ್ಟರ್‌ಗಳು ಜೀನ್ ತುಣುಕುಗಳನ್ನು ಕಲೆಸಿ ಜೋಡಿಸಿ ಆಗುವಂಥವು. ಒಬ್ಬೊಬ್ಬರಲ್ಲೂ ಕೋಟ್ಯಂತರ ಬಗೆ. ಆಂಟಿಬಾಡಿ ವಿಷಯದಲ್ಲಿ ಈ ಕಲೆಸುವಿಕೆಯನ್ನು ಕಂಡುಹಿಡಿದ ಸುಸುಮು ತೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ಟಿ ಕಣದ ರಿಸೆಪ್ಟರ್ ಕೂಡ ಅದೇ ರೀತಿ ತಯಾರಾಗುತ್ತದೆ. ಆ ರಿಸೆಪ್ಟರ್‌ಗೆ ಅಂಟಿಕೊಂಡೇ ಇರುವ ಸಿಡಿ3 ಎಂಬ ಭಾಗವನ್ನು ಹಿಡಿಯುವ ಟೆಪ್ಲಿಜುಮ್ಯಾಬ್ ಎಂಬ ಔಷಧಿಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಆದರೆ ಅದು ಟೈಪ್ 1 ಡಯಾಬಿಟಿಸ್ ಶುರುವಾಗುವುದನ್ನು ಸುಮಾರು ಎರಡು ವರ್ಷ ಮುಂದೂಡುವುದಕ್ಕೆ, ಕೀಲಿಗಲ್ಲ. ಹಾಗಾಗಿ ಇವತ್ತು ಸಂಧಿವಾತಕ್ಕೆ ಸಿಗುವ ಯಾವ ಔಷಧಿಯೂ ತಪ್ಪಿತಸ್ಥ ಕಣವನ್ನು ಮಾತ್ರ ಆರಿಸಿ ಹಿಡಿಯುವುದಿಲ್ಲ. ಒಳ್ಳೆಯ ಕೆಲಸವೂ ಸ್ವಲ್ಪ ನಿಲ್ಲುತ್ತದೆ.

ಟಿಎನ್‌ಎಫ್ ತಡೆಯುವವು: ಹಳೆಯವು, ಚೆನ್ನಾಗಿ ಗೊತ್ತಿರುವವು

ಮೊದಲು ಬಂದದ್ದು ಇವೇ. ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ಭಾರತ ಮೂಲದ ರವೀಂದರ್ ಮೈನಿ ಅವರ ತಂಡ 1992ರಲ್ಲಿ ಟಿಎನ್‌ಎಫ್ ತಡೆಯುವ ಆಂಟಿಬಾಡಿಯನ್ನು ಸಂಧಿವಾತದ ರೋಗಿಗಳಿಗೆ ಕೊಟ್ಟು ನೋಡಿತು. ಒಂದೇ ಸಂಕೇತವನ್ನು ತಡೆದರೆ ಏನಾದೀತು, ಉಳಿದ ಹತ್ತಾರು ಸಂಕೇತಗಳು ಇದ್ದೇ ಇವೆಯಲ್ಲ ಎಂಬ ಅನುಮಾನ ಆಗ ಬಹಳ ಜನರಿಗಿತ್ತು. ರೋಗಿಗಳ ಊತ ಇಳಿಯಿತು. 2003ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು.

ಈ ಗುಂಪಿನೊಳಗೇ ಎರಡು ಬಗೆ ಇದೆ. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಮುಂತಾದವು ಆಂಟಿಬಾಡಿಗಳು. ಟಿಎನ್‌ಎಫ್ ತನ್ನ ರಿಸೆಪ್ಟರನ್ನು ಮುಟ್ಟುವ ಮೊದಲೇ ಅದನ್ನು ಹಿಡಿಯುತ್ತವೆ. 1998ರ ಕೊನೆಗೆ ಅಮೆರಿಕದಲ್ಲಿ ಅನುಮತಿ ಪಡೆದ ಎಟಾನರ್ಸೆಪ್ಟ್ ಹಾಗಲ್ಲ. ಅದು ಟಿಎನ್‌ಎಫ್ ರಿಸೆಪ್ಟರ್ 2ರ ಹೊರಭಾಗವನ್ನೇ ಕತ್ತರಿಸಿ ಆಂಟಿಬಾಡಿಯ ಬಾಲಕ್ಕೆ ಜೋಡಿಸಿ ಮಾಡಿದ್ದು. ರಕ್ತದಲ್ಲಿ ತೇಲುವ ಸುಳ್ಳು ರಿಸೆಪ್ಟರ್ ಎನ್ನಿ. ಟಿಎನ್‌ಎಫ್ ಅದಕ್ಕೆ ಅಂಟಿಕೊಳ್ಳುತ್ತದೆ, ಆದರೆ ಸುದ್ದಿ ಯಾವ ಕಣಕ್ಕೂ ಮುಟ್ಟುವುದಿಲ್ಲ. ಕೀಲಿನ ಮಟ್ಟಿಗೆ ಎರಡೂ ಸರಿಸಮ. ಆದರೆ ಸಂಧಿವಾತದ ಜೊತೆಗೆ ಕರುಳಿನ ಕ್ರೋನ್ಸ್ ಕಾಯಿಲೆ ಇದ್ದರೆ ಎಟಾನರ್ಸೆಪ್ಟ್ ಕೆಲಸ ಮಾಡುವುದಿಲ್ಲ. ಕಣ್ಣಿನ ಒಳಗೆ ಉರಿಯೂತ ಬರುವ ಯುವೈಟಿಸ್ ಇದ್ದರೂ ಅಡಾಲಿಮುಮ್ಯಾಬ್ ಕಡೆಗೇ ಹೋಗಬೇಕು. ನಿಮಗೆ ಪದೇ ಪದೇ ಭೇದಿ, ಕಣ್ಣು ಕೆಂಪಾಗುವುದು ಇದ್ದರೆ ಕೀಲು ನೋಡುವ ವೈದ್ಯರಿಗೂ ಅದನ್ನು ಹೇಳಿ. ಕೀಲಿಗೂ ಕಣ್ಣಿಗೂ ಏನು ಸಂಬಂಧ ಅಂತ ಸುಮ್ನೆ ಇರಬೇಡಿ.

ಈಗ ಇದರ ದೊಡ್ಡ ತೊಂದರೆಗೆ ಬರೋಣ. ಟಿಬಿ. ನಮ್ಮಲ್ಲಿ ಎಷ್ಟೋ ಜನರ ಶ್ವಾಸಕೋಶದಲ್ಲಿ ಟಿಬಿ ರೋಗಾಣು ಸದ್ದಿಲ್ಲದೆ ಇರುತ್ತದೆ. ದೇಹ ಅದರ ಸುತ್ತ ಕಣಗಳ ಗಂಟು ಕಟ್ಟಿ ಕೂಡಿಹಾಕಿರುತ್ತದೆ. ಆ ಗಂಟು ಬಿಚ್ಚಿಕೊಳ್ಳದಂತೆ ಹಿಡಿದಿಡುವುದು ಟಿಎನ್‌ಎಫ್, ಅದರ ರಿಸೆಪ್ಟರ್ 1ರ ಮೂಲಕ. ಟಿಎನ್‌ಎಫ್ ನಿಲ್ಲಿಸಿದರೆ ಗಂಟು ಸಡಿಲವಾಗುತ್ತದೆ. ಇನ್‌ಫ್ಲಿಕ್ಸಿಮ್ಯಾಬ್ ಬಳಕೆಗೆ ಬಂದ ಕೆಲವೇ ವರ್ಷದಲ್ಲಿ, 2001ರಲ್ಲಿ, ಹೀಗೆ ಟಿಬಿ ಎದ್ದ 70 ಪ್ರಕರಣಗಳ ವರದಿ ಬಂತು. ಅದೂ ಟಿಬಿ ಹೆಚ್ಚಾಗಿಲ್ಲದ ದೇಶಗಳಿಂದಲೇ ಬಹುಪಾಲು. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವ ಭಾರತದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಔಷಧಿಗೆ ಮೊದಲು ಎದೆಯ ಎಕ್ಸ್-ರೇ, ಮಾಂಟೂ ಚರ್ಮಪರೀಕ್ಷೆ ಅಥವಾ ಇಗ್ರಾ ರಕ್ತಪರೀಕ್ಷೆ ಆಗಲೇಬೇಕು. ಅಡಗಿರುವ ಟಿಬಿ ಸಿಕ್ಕರೆ ಅದಕ್ಕೆ ಮಾತ್ರೆ ಶುರು ಮಾಡಿ, ಕನಿಷ್ಠ ಒಂದು ತಿಂಗಳು ಬಿಟ್ಟು ಬಯಾಲಜಿಕ್ ಕೊಡುವುದು ರೂಢಿ. ಆಂಟಿಬಾಡಿಗಳಿಗೆ ಹೋಲಿಸಿದರೆ ಎಟಾನರ್ಸೆಪ್ಟ್‌ನಲ್ಲಿ ಟಿಬಿ ಏಳುವುದು ಕಡಿಮೆ. ಆದ್ದರಿಂದ ಟಿಎನ್‌ಎಫ್ ತಡೆಯಲೇಬೇಕು, ಟಿಬಿ ಭಯವೂ ಇದೆ ಅಂದಾಗ ನನ್ನ ಓಟು ಎಟಾನರ್ಸೆಪ್ಟ್‌ಗೆ.

ಎರಡನೇ ತೊಂದರೆ ಅಪರೂಪದ್ದು, ಆದರೆ ಪಾಠ ದೊಡ್ಡದು. ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಸಂಧಿವಾತದ ಹಾಗೆ ಆಟೋಇಮ್ಯೂನ್, ಅಂದರೆ ದೇಹದ ರಕ್ಷಣಾ ಪಡೆ ತನ್ನದೇ ದೇಹದ ಮೇಲೆ ಬೀಳುವ ಕಾಯಿಲೆಯೇ. ನರಗಳ ಹೊದಿಕೆ ಹಾಳಾಗುತ್ತದೆ. ಸಂಧಿವಾತಕ್ಕೆ ಆದ ಔಷಧಿ ಇದಕ್ಕೂ ಆಗಬೇಕಲ್ಲ ಎಂದು ಲೆನರ್ಸೆಪ್ಟ್ ಎಂಬ ಟಿಎನ್‌ಎಫ್ ತಡೆಯನ್ನು ಕೊಟ್ಟು ನೋಡಿದರು. 1999ರಲ್ಲಿ ಬಂದ ಫಲಿತಾಂಶ ಉಲ್ಟಾ. ಔಷಧಿ ತೆಗೆದುಕೊಂಡವರಲ್ಲಿ ಕಾಯಿಲೆ ಇನ್ನಷ್ಟು ಕೆರಳಿತು. ಆಮೇಲೆ 2012ರಲ್ಲಿ ಕಾರಣದ ಒಂದು ಎಳೆ ಸಿಕ್ಕಿತು. ಈ ನರದ ಕಾಯಿಲೆಯ ಜೊತೆ ನಂಟಿರುವ ಒಂದು ಜೀನ್ ಬದಲಾವಣೆ ಟಿಎನ್‌ಎಫ್ ರಿಸೆಪ್ಟರ್ 1ನ್ನು ತುಂಡು ಮಾಡಿ ಕಣದಿಂದ ಹೊರಗೆ ಬಿಡುತ್ತದೆ, ಅಂದರೆ ಹುಟ್ಟಿನಿಂದಲೇ ಮೈಯಲ್ಲಿ ಟಿಎನ್‌ಎಫ್ ತಡೆ ಇದ್ದ ಹಾಗೆ. ಒಂದೇ ಸಂಕೇತ ಕೀಲಿನಲ್ಲಿ ಹಾಳು ಮಾಡುತ್ತದೆ, ನರದಲ್ಲಿ ಕಾಪಾಡುತ್ತದೆ. ಹಾಗಾಗಿ ನಿಮಗಾಗಲಿ ಹತ್ತಿರದ ರಕ್ತಸಂಬಂಧಿಗಾಗಲಿ ಈ ಕಾಯಿಲೆ ಇದ್ದರೆ ಈ ಗುಂಪನ್ನೇ ಬಿಟ್ಟುಬಿಡುವುದು ವಾಸಿ. ಹೃದಯದ ಪಂಪ್ ಶಕ್ತಿ ತುಂಬಾ ಕುಸಿದಿರುವವರಿಗೂ ಇದು ಬೇಡ.

ಅನುಕೂಲಗಳೂ ಕಡಿಮೆಯಿಲ್ಲ. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಅನುಭವ ಇದೆ. ಬೆಲೆಯೂ ಇಳಿದಿದೆ. ಅಡಾಲಿಮುಮ್ಯಾಬ್‌ನ ಜಗತ್ತಿನ ಮೊದಲ ಬಯೋಸಿಮಿಲರ್ (ಮೂಲ ಬಯಾಲಜಿಕ್ ಹೋಲುವಂತೆ ಬೇರೆ ಕಂಪನಿ ಮಾಡುವ ಔಷಧಿ) ಬಂದದ್ದು ನಮ್ಮ ದೇಶದಲ್ಲೇ, 2014ರ ಡಿಸೆಂಬರಿನಲ್ಲಿ, ಝೈಡಸ್‌ನ ಎಕ್ಸೆಂಪ್ಟಿಯಾ. ಹದಿನೈದು ದಿನಕ್ಕೊಂದು ಚುಚ್ಚುಮದ್ದು, ಹೊಟ್ಟೆಯ ಚರ್ಮದಡಿ ನೀವೇ ಚುಚ್ಚಿಕೊಳ್ಳಬಹುದು. ಎರಡರಿಂದ ಎಂಟು ಡಿಗ್ರಿಯಲ್ಲಿ ಇಡಬೇಕು ಅನ್ನುವುದು ಮರೆಯಬೇಡಿ. ಬೇಸಿಗೆಯಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವ ಊರಿನವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫ್ರೀಜರಿನಲ್ಲಿ ಮಾತ್ರ ಇಡಬೇಡಿ, ಹಾಳಾಗುತ್ತದೆ.

ಐಎಲ್-6 ರಿಸೆಪ್ಟರ್ ಮುಚ್ಚುವ ಟೊಸಿಲಿಜುಮ್ಯಾಬ್

ಇದು ಜಪಾನಿನ ಕೊಡುಗೆ. ಒಸಾಕಾ ವಿಶ್ವವಿದ್ಯಾಲಯದ ತದಮಿತ್ಸು ಕಿಶಿಮೊಟೊ ಅವರ ತಂಡ 1986ರಲ್ಲಿ ಐಎಲ್-6 ಜೀನನ್ನು ಗುರುತಿಸಿತು. ನಂತರ ಅದರ ರಿಸೆಪ್ಟರ್ ಸಿಕ್ಕಿತು, ಅದನ್ನು ಮುಚ್ಚುವ ಆಂಟಿಬಾಡಿಯೂ ಬಂತು. ಈ ರಿಸೆಪ್ಟರಿನದು ಒಂದು ವಿಚಿತ್ರ. ಅದು ಯಕೃತ್ತು ಮತ್ತು ಕೆಲವು ಬಿಳಿ ರಕ್ತಕಣಗಳ ಮೇಲೆ ಮಾತ್ರ ಇದೆ. ಆದರೆ ಅದರ ಬಿಡಿ ರೂಪ ರಕ್ತದಲ್ಲೂ ಕೀಲಿನ ನೀರಿನಲ್ಲೂ ತೇಲಾಡುತ್ತಾ ಐಎಲ್-6 ಅನ್ನು ಹೊತ್ತುಕೊಂಡು ಹೋಗಿ ರಿಸೆಪ್ಟರ್ ಇಲ್ಲದ ಕಣಗಳಿಗೂ ಸುದ್ದಿ ಮುಟ್ಟಿಸುತ್ತದೆ. ಟೊಸಿಲಿಜುಮ್ಯಾಬ್ ಎರಡನ್ನೂ ಹಿಡಿಯುತ್ತದೆ.

ಇದನ್ನು ಯಾವಾಗ ಆರಿಸಬೇಕು? ಮೀಥೊಟ್ರೆಕ್ಸೇಟ್ ಸುತರಾಂ ಆಗದವರಿಗೆ. ವಾಂತಿ, ಲಿವರ್ ಎನ್‌ಜೈಮ್ ಏರುವುದು, ಏನೋ ಒಂದು ಕಾರಣ. ಟಿಎನ್‌ಎಫ್ ತಡೆಗಳು ಮೀಥೊಟ್ರೆಕ್ಸೇಟ್ ಜೊತೆಗಿದ್ದರೆ ಚೆನ್ನಾಗಿ ಕೆಲಸ ಮಾಡುತ್ತವೆ, ಒಂಟಿಯಾಗಿ ಸ್ವಲ್ಪ ಸಪ್ಪೆ. ಎರಡನ್ನೂ ಒಂಟಿಯಾಗಿ ಕೊಟ್ಟು ಹೋಲಿಸಿದ ಅಡಾಕ್ಟಾ ಪರೀಕ್ಷೆಯಲ್ಲಿ, 2013ರಲ್ಲಿ, ಟೊಸಿಲಿಜುಮ್ಯಾಬ್ ಅಡಾಲಿಮುಮ್ಯಾಬ್‌ಗಿಂತ ಸ್ಪಷ್ಟವಾಗಿ ಮುಂದಿತ್ತು. ತುಂಬಾ ಸುಸ್ತು, ರಕ್ತಹೀನತೆ, ರಕ್ತದಲ್ಲಿ ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ ವಿಪರೀತ ಏರಿದ್ದು, ಇವೆಲ್ಲ ಇದ್ದವರಿಗೂ ಇದು ಒಪ್ಪುತ್ತದೆ. ಅವೆಲ್ಲದರ ಹಿಂದೆ ಐಎಲ್-6 ಕೈವಾಡ ಇರುತ್ತದೆ.

ಆದರೆ ಒಂದು ಮಾತು ಕಿವಿಗೆ ಹಾಕಿಕೊಳ್ಳಿ. ಸಿಆರ್‌ಪಿ ತಯಾರಾಗುವುದು ಯಕೃತ್ತಿನಲ್ಲಿ, ಐಎಲ್-6 ಹೇಳಿದ ಮೇಲೆ. ಆ ಸುದ್ದಿಯೇ ನಿಂತರೆ ಸಿಆರ್‌ಪಿ ಸೊನ್ನೆಯ ಹತ್ತಿರ ಇರುತ್ತದೆ, ನ್ಯುಮೋನಿಯಾ ಆಗಿದ್ದರೂ ಸಹ. ಜ್ವರವೂ ಜೋರಾಗಿ ಬರುವುದಿಲ್ಲ. ರಾತ್ರಿ ಎಮರ್ಜೆನ್ಸಿಗೆ ಹೋದಾಗ ಅಲ್ಲಿನ ಕಿರಿಯ ಡಾಕ್ಟರ್ "ಸಿಆರ್‌ಪಿ ನಾರ್ಮಲ್ ಇದೆ, ಮನೆಗೆ ಹೋಗಿ" ಅಂದರೆ ನಂಬಿಕೊಂಡು ಬರಬೇಡಿ. ಟೊಸಿಲಿಜುಮ್ಯಾಬ್ ಮೇಲಿದ್ದೀನಿ ಎಂದು ಬಾಯಿಬಿಟ್ಟು ಹೇಳಿ. ಔಷಧಿಯ ಹೆಸರು ಬರೆದ ಚೀಟಿ ಪರ್ಸಿನಲ್ಲಿರಲಿ. ಇದೇ ಕಾರಣಕ್ಕೆ ಸಿಆರ್‌ಪಿ ಇಳಿಯಿತು ಅಂದಮಾತ್ರಕ್ಕೆ ಕಾಯಿಲೆ ಇಳಿಯಿತು ಎಂದೂ ಅಲ್ಲ. ಊದಿದ ಕೀಲುಗಳನ್ನು ಕೈಯಲ್ಲಿ ಮುಟ್ಟಿ ಎಣಿಸಬೇಕು.

ಕರುಳಿನ ಗೋಡೆಯ ಪುಟ್ಟ ಚೀಲಗಳು ಉರಿಯುವ ಡೈವರ್ಟಿಕ್ಯುಲೈಟಿಸ್ ಆಗಿದ್ದವರಿಗೆ ಇದು ಬೇಡ, ಕರುಳು ತೂತಾಗುವ ಅಪಾಯ ಇದೆ. ಕೊಲೆಸ್ಟರಾಲ್ ಏರುತ್ತದೆ, ನೋಡಿಕೊಳ್ಳುತ್ತಿರಬೇಕು.

ಜ್ಯಾಕ್ ತಡೆಯುವ ಮಾತ್ರೆಗಳು

ಟೋಫಾಸಿಟಿನಿಬ್, ಬ್ಯಾರಿಸಿಟಿನಿಬ್, ಉಪಡಾಸಿಟಿನಿಬ್. ಇವು ರಿಸೆಪ್ಟರನ್ನು ಹೊರಗಿನಿಂದ ಮುಚ್ಚುವುದಿಲ್ಲ. ಐಎಲ್-6, ಇಂಟರ್‌ಫೆರಾನ್ ಮುಂತಾದವುಗಳ ರಿಸೆಪ್ಟರ್‌ಗಳಿಗೆ ಸ್ವಂತವಾಗಿ ಸುದ್ದಿ ದಾಟಿಸುವ ಶಕ್ತಿ ಇಲ್ಲ. ಕಣದೊಳಗೆ ಅವುಗಳ ಬುಡಕ್ಕೆ ಜ್ಯಾಕ್ ಎಂಬ ಎನ್‌ಜೈಮ್ ಅಂಟಿಕೊಂಡಿರುತ್ತದೆ, ಕೆಲಸ ಮಾಡುವುದು ಅದೇ. ಬಯಾಲಜಿಕ್ ಒಂದು ಕೋಣೆಯ ಸ್ವಿಚ್ ಆರಿಸಿದರೆ ಈ ಮಾತ್ರೆ ಮೀಟರ್ ಬೋರ್ಡಿನಲ್ಲಿ ಫ್ಯೂಸ್ ತೆಗೆದ ಹಾಗೆ. ಒಂದೇ ಏಟಿಗೆ ಹಲವು ರಿಸೆಪ್ಟರ್‌ಗಳ ಸುದ್ದಿ ಮಂಕಾಗುತ್ತದೆ. ಟಿಎನ್‌ಎಫ್ ರಿಸೆಪ್ಟರ್ ಮಾತ್ರ ಜ್ಯಾಕ್ ಬಳಸುವುದಿಲ್ಲ. ಅದಕ್ಕೇ ಟಿಎನ್‌ಎಫ್ ತಡೆ ಕೆಲಸ ಮಾಡದವರಲ್ಲೂ ಇದು ಕೆಲಸ ಮಾಡಬಹುದು.

ಒಳ್ಳೆಯದು ಏನು? ಮಾತ್ರೆ. ಸೂಜಿ ಇಲ್ಲ, ಫ್ರಿಜ್ ಇಲ್ಲ. ಎರಡು ವಾರದೊಳಗೇ ವ್ಯತ್ಯಾಸ ಕಾಣುವುದುಂಟು. ಟೋಫಾಸಿಟಿನಿಬ್ ಅನ್ನು ಈಗ ಹಲವು ಭಾರತೀಯ ಕಂಪನಿಗಳು ಮಾಡುವುದರಿಂದ ಜೇಬಿಗೂ ಹಗುರ. ಬ್ಯಾರಿಸಿಟಿನಿಬ್, ಉಪಡಾಸಿಟಿನಿಬ್ ಎರಡೂ ಎದುರುಬದುರು ಪರೀಕ್ಷೆಯಲ್ಲಿ ಅಡಾಲಿಮುಮ್ಯಾಬನ್ನು ತುಸು ಹಿಂದೆ ಹಾಕಿವೆ. ಇನ್ನೊಂದು ಗುಣವನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಟೋಫಾಸಿಟಿನಿಬ್ ನಿಲ್ಲಿಸಿದರೆ ಒಂದು ದಿನದಲ್ಲಿ ದೇಹದಿಂದ ಹೊರಟುಹೋಗುತ್ತದೆ. ಸೋಂಕು ಬಂದಾಗ ಇದು ಅನುಕೂಲ. ಮಂಡಿ ಆಪರೇಷನ್ ಇದೆ ಅಂದರೆ ಮೂರು ದಿನ ಮೊದಲು ನಿಲ್ಲಿಸಿದರೆ ಸಾಕು. ಬಯಾಲಜಿಕ್‌ಗಳು ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಉಳಿಯುತ್ತವೆ.

ಆದರೆ ಫ್ಯೂಸ್ ತೆಗೆದಾಗ ಬೇಡದ ಕಡೆಯೂ ಕತ್ತಲಾಗುತ್ತದೆ. ವೈರಸ್ ತಡೆಯುವ ಇಂಟರ್‌ಫೆರಾನ್ ರಿಸೆಪ್ಟರ್ ಮಂಕಾಗಿ ಸರ್ಪಸುತ್ತು ಏಳುತ್ತದೆ. ಏಷ್ಯಾದವರಲ್ಲಿ, ಅದರಲ್ಲೂ ಜಪಾನ್ ಮತ್ತು ಕೊರಿಯಾದಲ್ಲಿ, ಇದು ಹೆಚ್ಚು ಕಂಡಿದೆ. ಇದಕ್ಕೆ ಜೀವಂತವಲ್ಲದ ಲಸಿಕೆ ಇದೆ, ಮಾತ್ರೆ ಶುರು ಮಾಡುವ ಮೊದಲು ಹಾಕಿಸಿಕೊಂಡರೆ ಒಳ್ಳೆಯದು. ಟಿಬಿ ತಡೆಗೆ ಬೇಕಾದ ಇಂಟರ್‌ಫೆರಾನ್ ಗಾಮಾ ಕೂಡ ಜ್ಯಾಕ್ ದಾರಿಯಲ್ಲೇ ಹೋಗುವುದರಿಂದ ಇಲ್ಲೂ ಟಿಬಿ ಪರೀಕ್ಷೆ ತಪ್ಪಿದ್ದಲ್ಲ. ಮಾತ್ರೆ ಅಲ್ವಾ, ಅದಕ್ಕೇಕೆ ಅಷ್ಟೆಲ್ಲ ಟೆಸ್ಟು ಅನ್ನುವುದು ಅಪಾಯದ ಮಾತು. ಕೆಂಪು ರಕ್ತಕಣ ಹುಟ್ಟಿಸುವ ಎರಿತ್ರೊಪೊಯೆಟಿನ್ ರಿಸೆಪ್ಟರ್ ಕೂಡ ಜ್ಯಾಕ್ 2 ನಂಬಿಕೊಂಡಿದೆ, ಹಾಗಾಗಿ ಹಿಮೊಗ್ಲೋಬಿನ್ ಮೇಲೆ ಕಣ್ಣಿಡಬೇಕು.

ದೊಡ್ಡ ಸುದ್ದಿ ಆದದ್ದು ಓರಲ್ ಸರ್ವೆಲನ್ಸ್ ಎಂಬ ಪರೀಕ್ಷೆ. ಐವತ್ತು ದಾಟಿದ, ಹೃದಯದ ಕಾಯಿಲೆಗೆ ಕನಿಷ್ಠ ಒಂದು ಕಾರಣ ಇದ್ದ 4,362 ರೋಗಿಗಳನ್ನು ಸುಮಾರು ನಾಲ್ಕು ವರ್ಷ ನೋಡಿದರು. ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಟೋಫಾಸಿಟಿನಿಬ್ ತೆಗೆದುಕೊಂಡವರಲ್ಲಿ ಶೇ 3.4, ಟಿಎನ್‌ಎಫ್ ತಡೆ ತೆಗೆದುಕೊಂಡವರಲ್ಲಿ ಶೇ 2.5. ಕ್ಯಾನ್ಸರ್ ಶೇ 4.2 ಮತ್ತು ಶೇ 2.9. ಇದರಿಂದಾಗಿ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಈ ಗುಂಪಿನ ಮಾತ್ರೆಗಳಿಗೆ ಕಟ್ಟುನಿಟ್ಟಾದ ಎಚ್ಚರಿಕೆ ಹಾಕಿತು. 65 ದಾಟಿದವರು, ಸಿಗರೇಟು ಸೇದುವವರು ಅಥವಾ ಬಹಳ ಕಾಲ ಸೇದಿದ್ದವರು, ಹೃದ್ರೋಗ ಇಲ್ಲವೇ ಕ್ಯಾನ್ಸರ್ ಅಪಾಯ ಇರುವವರು ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಇದನ್ನು ಬಳಸಲಿ ಎಂದು ಯುರೋಪಿನ ಔಷಧ ನಿಯಂತ್ರಕರು ಹೇಳುತ್ತಾರೆ. ಮೂವತ್ತೈದರ, ಬಿಪಿ ಇಲ್ಲದ, ಸಿಗರೇಟು ಮುಟ್ಟದ ಹೆಣ್ಣುಮಗಳಿಗೆ ಈ ಅಂಕಿಗಳು ನೇರವಾಗಿ ಅನ್ವಯಿಸುವುದಿಲ್ಲ. ಅರವತ್ತೆಂಟರ, ಸ್ಟೆಂಟ್ ಹಾಕಿಸಿಕೊಂಡ ಯಜಮಾನರಿಗೆ ಬೆಲೆ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ಇದನ್ನು ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಸಿಡಿ28 ತಡೆಯುವ ಅಬಾಟಸೆಪ್ಟ್

ಟಿ ಕಣ ತನ್ನ ಮುಖ್ಯ ರಿಸೆಪ್ಟರಿನಿಂದ ಸುದ್ದಿ ಬಂದ ಮಾತ್ರಕ್ಕೆ ಏಳುವುದಿಲ್ಲ. ಸಿಡಿ28 ಎಂಬ ಇನ್ನೊಂದು ರಿಸೆಪ್ಟರ್ ಕೂಡ ಹೂಂ ಅನ್ನಬೇಕು. ಆ ಎರಡನೇ ಒಪ್ಪಿಗೆಗೆ ಎಷ್ಟು ಶಕ್ತಿ ಇದೆ ಎಂಬುದು 2006ರ ಮಾರ್ಚ್‌ನಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಗೊತ್ತಾಯಿತು. ಸಿಡಿ28 ಅನ್ನು ನೇರವಾಗಿ ಕೆರಳಿಸುವ ಟಿಜಿಎನ್1412 ಎಂಬ ಔಷಧಿಯನ್ನು ಆರು ಆರೋಗ್ಯವಂತ ಯುವಕರಿಗೆ ಮೊದಲ ಸಲ ಕೊಟ್ಟರು. ಒಂದೂವರೆ ಗಂಟೆಯೊಳಗೆ ತಲೆನೋವು, ನಡುಕ. ಆಮೇಲೆ ಒಂದೊಂದೇ ಅಂಗ ಕೈಕೊಟ್ಟಿತು. ಆರೂ ಜನ ಐಸಿಯು ಸೇರಿದರು. ಪುಣ್ಯಕ್ಕೆ ಎಲ್ಲರೂ ಬದುಕಿದರು. ವಿಪರ್ಯಾಸ ಅಂದರೆ ಅದನ್ನು ಮಾಡಿದ್ದು ಸಂಧಿವಾತ ಮತ್ತು ಒಂದು ಬಗೆಯ ರಕ್ತದ ಕ್ಯಾನ್ಸರಿಗೆ. ಟಿ ಕಣಗಳಲ್ಲಿ ಶಾಂತಿ ಕಾಯುವ ಬಗೆಯವು ಹೆಚ್ಚುತ್ತವೆ ಎಂದುಕೊಂಡಿದ್ದರು.

ಅಬಾಟಸೆಪ್ಟ್ ಇದರ ವಿರುದ್ಧ ದಿಕ್ಕಿನದು, ತುಂಬಾ ಸಾಧುವೂ ಹೌದು. ದೇಹದಲ್ಲೇ ಇರುವ ಸಿಟಿಎಲ್‌ಎ-4 ಎಂಬ ಬ್ರೇಕ್ ರಿಸೆಪ್ಟರಿನ ತುಂಡಿನಿಂದ ಇದನ್ನು ಮಾಡಿದ್ದಾರೆ. ಅದು ಹೋಗಿ ಸಿಡಿ28ಕ್ಕೆ ಸಿಗಬೇಕಾದ ಪ್ರೋಟೀನಿಗೆ ತಾನೇ ಅಂಟಿಕೊಳ್ಳುತ್ತದೆ. ಟಿ ಕಣಕ್ಕೆ ಎರಡನೇ ಒಪ್ಪಿಗೆ ಸಿಗುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದೇ ಸಿಟಿಎಲ್‌ಎ-4 ಬ್ರೇಕನ್ನು ಉಲ್ಟಾ ತೆಗೆದುಹಾಕುತ್ತಾರೆ, ಜೇಮ್ಸ್ ಆಲಿಸನ್ ಅವರಿಗೆ 2018ರ ನೊಬೆಲ್ ತಂದ ಕೆಲಸ ಅದು. ಆ ಔಷಧಿ ತೆಗೆದುಕೊಂಡ ಕೆಲವರಿಗೆ ಕರುಳು, ಥೈರಾಯ್ಡ್, ಕೀಲಿನ ಆಟೋಇಮ್ಯೂನ್ ತೊಂದರೆಗಳು ಬರುತ್ತವೆ. ಬ್ರೇಕ್ ಎಷ್ಟು ಮುಖ್ಯ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಅಬಾಟಸೆಪ್ಟ್ ನಿಧಾನ. ಮೂರು ತಿಂಗಳು ಕಾಯುವ ತಾಳ್ಮೆ ಬೇಕು. ಆದರೆ ಎರಡು ವರ್ಷದ ಆಂಪಲ್ ಪರೀಕ್ಷೆಯಲ್ಲಿ ಅಡಾಲಿಮುಮ್ಯಾಬ್‌ಗೆ ಸರಿಸಮನಾಗಿ ನಿಂತಿತು. ಆಂಟಿ ಸಿಸಿಪಿ ಜಾಸ್ತಿ ಇರುವವರಲ್ಲಿ ಇದು ಚೆನ್ನಾಗಿ ಹಿಡಿಯುತ್ತದೆ. ಪದೇ ಪದೇ ಸೋಂಕು ಬರುವವರಿಗೆ, ಸಂಧಿವಾತದ ಜೊತೆ ಶ್ವಾಸಕೋಶ ಗಟ್ಟಿಯಾಗುತ್ತಿರುವವರಿಗೆ ಹಲವು ವೈದ್ಯರು ಇದನ್ನೇ ಮೊದಲು ಯೋಚಿಸುತ್ತಾರೆ. ಸಿಗರೇಟಿನಿಂದಲೋ ಒಲೆಯ ಹೊಗೆಯಿಂದಲೋ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬಂದಿದ್ದರೆ ಮಾತ್ರ ಎಚ್ಚರಿಕೆ ಬೇಕು, ಅಂಥವರಿಗೆ ಉಸಿರಾಟದ ತೊಂದರೆ ಹೆಚ್ಚಾಗಬಹುದು.

ಬಿ ಕಣ ತೆಗೆಯುವ ರಿಟುಕ್ಸಿಮ್ಯಾಬ್

ಇದು ಬಿ ಕಣಗಳ ಮೈಮೇಲಿನ ಸಿಡಿ20 ಹಿಡಿದು ಆ ಕಣಗಳನ್ನೇ ಇಲ್ಲವಾಗಿಸುತ್ತದೆ. ಅವುಗಳ ಜೊತೆ ತಪ್ಪು ಗುರುತಿಸುವ ರಿಸೆಪ್ಟರ್‌ಗಳೂ ಹೋದವು. ಎರಡು ವಾರದ ಅಂತರದಲ್ಲಿ ಒಂದೊಂದು ಗ್ರಾಂ ಡ್ರಿಪ್, ಆಮೇಲೆ ಆರು ತಿಂಗಳು ಅಥವಾ ಜಾಸ್ತಿ ನಿರಾಳ. ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲೇ ಇದರ ಅಗ್ಗದ ರೂಪ ತಂದಿತ್ತು. ವರ್ಷದ ಲೆಕ್ಕ ಹಾಕಿದರೆ ಬಯಾಲಜಿಕ್‌ಗಳಲ್ಲಿ ಇದು ಕೈಗೆಟಕುವಂಥದ್ದು. ಟಿಬಿ ಭಯ ಇಲ್ಲಿ ತೀರಾ ಕಡಿಮೆ. ಹಾಗಿದ್ದರೂ ನಮ್ಮ ದೇಶದಲ್ಲಿ ಇದಕ್ಕೆ ಸಿಗಬೇಕಾದ್ದಕ್ಕಿಂತ ಕಡಿಮೆ ಗಮನ ಸಿಗುತ್ತಿದೆ ಅನ್ನುವುದು ನನ್ನ ಅನಿಸಿಕೆ. ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಎರಡೂ ನೆಗೆಟಿವ್ ಇದ್ದರೆ ಮಾತ್ರ ಹೆಚ್ಚು ನಿರೀಕ್ಷೆ ಬೇಡ.

ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸದೆ ಇದನ್ನು ಹಾಕಿಸಿಕೊಳ್ಳಲೇಬೇಡಿ. ಹಳೆಯ, ಮಲಗಿರುವ ವೈರಸ್ ಎದ್ದು ಲಿವರ್ ಕೈಕೊಟ್ಟ ಉದಾಹರಣೆಗಳಿವೆ. ಲಸಿಕೆಗಳನ್ನೆಲ್ಲ ಮೊದಲೇ ಮುಗಿಸಿಕೊಳ್ಳಿ, ಬಿ ಕಣ ಇಲ್ಲದ ದೇಹಕ್ಕೆ ಹೊಸ ಲಸಿಕೆ ಕಲಿಸಲು ಬರುವುದಿಲ್ಲ. ಮತ್ತೆ, ಕೊಟ್ಟ ಮೇಲೆ ವಾಪಸು ತೆಗೆಯಲು ಆಗದ ಔಷಧಿ ಇದು. ಸೋಂಕು ಬಂದರೆ ಇದು ಇಳಿಯಲಿ ಎಂದು ಕಾಯುವ ಹಾಗಿಲ್ಲ.

ಮಗು ಬೇಕು ಅನ್ನುವವರಿಗೆ

ಈ ಕಾಯಿಲೆ ಜಾಸ್ತಿ ಬರುವುದೇ ಹೆಂಗಸರಿಗೆ, ಎಷ್ಟೋ ಸಲ ಮಕ್ಕಳಾಗುವ ವಯಸ್ಸಿನಲ್ಲೇ. ಮೀಥೊಟ್ರೆಕ್ಸೇಟ್ ಬಸಿರಿಗೆ ಮುಂಚೆಯೇ ನಿಲ್ಲಬೇಕು. ಜ್ಯಾಕ್ ಮಾತ್ರೆಗಳೂ ಬೇಡ. ಇಲ್ಲಿ ಟಿಎನ್‌ಎಫ್ ತಡೆಗಳದ್ದೇ ಮೇಲುಗೈ. ಅವುಗಳಲ್ಲೂ ಸರ್ಟೊಲಿಜುಮ್ಯಾಬ್‌ಗೆ ಆಂಟಿಬಾಡಿಯ ಬಾಲವೇ ಇಲ್ಲ. ಮಾಸು ಆ ಬಾಲ ಹಿಡಿದೇ ಆಂಟಿಬಾಡಿಯನ್ನು ಮಗುವಿಗೆ ದಾಟಿಸುವುದು. ಬಾಲ ಇಲ್ಲದ್ದು ಹೆಚ್ಚುಕಡಿಮೆ ದಾಟುವುದಿಲ್ಲ. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಕೊನೆಯ ಮೂರು ತಿಂಗಳಲ್ಲಿ ದಾಟುತ್ತವೆ. ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ಬಿಸಿಜಿ ಹಾಕುತ್ತಾರೆ, ಅದು ಜೀವಂತ ಲಸಿಕೆ. ತಾಯಿ ಕೊನೆಯ ತಿಂಗಳುಗಳಲ್ಲಿ ಈ ಔಷಧಿ ತೆಗೆದುಕೊಂಡಿದ್ದರೆ ಬಿಸಿಜಿಯನ್ನು ಆರು ತಿಂಗಳು ಮುಂದೂಡಲು ಹೇಳುತ್ತಾರೆ. ಹೆರಿಗೆ ವಾರ್ಡಿನಲ್ಲಿ ಇದನ್ನು ನೀವೇ ನೆನಪಿಸಬೇಕಾಗಬಹುದು. ಬಾಣಂತಿಗೆ ಆ ಹೊತ್ತಿನಲ್ಲಿ ನೆನಪಿರುತ್ತದೋ ಇಲ್ಲವೋ, ಅಮ್ಮನಿಗೋ ಗಂಡನಿಗೋ ಹೇಳಿಟ್ಟಿರಿ.

ಮೊದಲನೆಯದು ಕೈಕೊಟ್ಟರೆ

ಮೂರು ತಿಂಗಳಿಗೆ ಸುಧಾರಣೆ ಕಾಣಬೇಕು, ಆರು ತಿಂಗಳಿಗೆ ಕಾಯಿಲೆ ಹತೋಟಿಗೆ ಬರಬೇಕು. ಇಲ್ಲದಿದ್ದರೆ ಬದಲಿಸಿ. ಒಂದು ಟಿಎನ್‌ಎಫ್ ತಡೆ ಶುರುವಿನಿಂದಲೇ ಕೆಲಸ ಮಾಡಲಿಲ್ಲ ಅಂದರೆ ಇನ್ನೊಂದು ಟಿಎನ್‌ಎಫ್ ತಡೆಗಿಂತ ಬೇರೆ ರಿಸೆಪ್ಟರಿನ ಕಡೆ ಹೋಗುವುದು ಮೇಲು. ಮೊದಲು ಕೆಲಸ ಮಾಡಿ ಆಮೇಲೆ ಸೋತರೆ ದೇಹ ಔಷಧಿಗೇ ಆಂಟಿಬಾಡಿ ಮಾಡಿಕೊಂಡಿರಬಹುದು, ಆಗ ಅದೇ ಗುಂಪಿನ ಇನ್ನೊಂದಕ್ಕೂ ಅವಕಾಶ ಇದೆ. ಎರಡು ಬಯಾಲಜಿಕ್ ಒಟ್ಟಿಗೆ ತೆಗೆದುಕೊಳ್ಳುವ ಯೋಚನೆ ಬೇಡ. ಐಎಲ್-1 ರಿಸೆಪ್ಟರ್ ಮುಚ್ಚುವ ಅನಾಕಿನ್ರಾ ಜೊತೆ ಎಟಾನರ್ಸೆಪ್ಟ್ ಸೇರಿಸಿ 2004ರಲ್ಲಿ ನೋಡಿದ್ದಾರೆ. ಲಾಭ ಹೆಚ್ಚಲಿಲ್ಲ, ಸೋಂಕು ಹೆಚ್ಚಿತು.

ಪಕ್ಕದ ಮನೆಯವರ ಸೋರಿಯಾಸಿಸ್‌ಗೆ ಆದ ಔಷಧಿ ನನಗೂ ಕೊಡಿ ಎಂದು ಕೇಳುವವರಿದ್ದಾರೆ. ಚರ್ಮಕ್ಕೆ ಅದ್ಭುತವಾಗಿ ಕೆಲಸ ಮಾಡುವ ಐಎಲ್-17 ತಡೆಗಳು ರುಮಟಾಯ್ಡ್ ಕೀಲಿನಲ್ಲಿ ಅಷ್ಟಕ್ಕಷ್ಟೆ, ಕ್ರೋನ್ಸ್ ಇದ್ದವರ ಕರುಳನ್ನು ಕೆರಳಿಸಲೂಬಹುದು. ಬೆಂಗಳೂರಿನ ಬಯೋಕಾನ್ ಕ್ಯೂಬಾದ ವಿಜ್ಞಾನಿಗಳ ಜೊತೆ ಸೇರಿ ತಂದ ಇಟೊಲಿಜುಮ್ಯಾಬ್ ಟಿ ಕಣದ ಸಿಡಿ6 ರಿಸೆಪ್ಟರ್ ಹಿಡಿಯುತ್ತದೆ. 2013ರಲ್ಲಿ ಅದಕ್ಕೆ ಇಲ್ಲಿ ಅನುಮತಿ ಸಿಕ್ಕಿದ್ದು ಸೋರಿಯಾಸಿಸ್‌ಗೆ. ಲೂಪಸ್ ಕಾಯಿಲೆಯಲ್ಲಿ ಮುಖ್ಯ ಇಂಟರ್‌ಫೆರಾನ್ ರಿಸೆಪ್ಟರ್, ಅದನ್ನು ಮುಚ್ಚುವ ಅನಿಫ್ರೊಲುಮ್ಯಾಬ್ 2021ರಲ್ಲಿ ಬಂತು. ಕಾಯಿಲೆಯ ಹೆಸರು ಬೇರೆ ಆದರೆ ಮುಚ್ಚಬೇಕಾದ ರಿಸೆಪ್ಟರೂ ಬೇರೆ.

ಜರ್ಮನಿಯ ಎರ್ಲಾಂಗೆನ್‌ನಲ್ಲಿ ಗೆಯೋರ್ಗ್ ಷೆಟ್ ಅವರ ತಂಡ ಇನ್ನೂ ಮುಂದೆ ಹೋಗಿದೆ. ರೋಗಿಯದೇ ಟಿ ಕಣ ತೆಗೆದು, ಅದಕ್ಕೆ ಲ್ಯಾಬಿನಲ್ಲಿ ಹೊಸ ರಿಸೆಪ್ಟರ್ ಕೂರಿಸಿ, ಬಿ ಕಣಗಳನ್ನು ಬೇರುಸಹಿತ ತೆಗೆಯುವ ಕಾರ್-ಟಿ ಚಿಕಿತ್ಸೆ. 2024ರಲ್ಲಿ ಅವರು ಲೂಪಸ್, ಸ್ನಾಯುಗಳ ಉರಿಯೂತ ಮತ್ತು ಸ್ಕ್ಲೆರೋಡರ್ಮಾ ಇದ್ದ 15 ರೋಗಿಗಳ ವಿವರ ಪ್ರಕಟಿಸಿದರು. ಎಲ್ಲರೂ ಹಳೆಯ ಔಷಧಿ ನಿಲ್ಲಿಸಲು ಸಾಧ್ಯವಾಗಿತ್ತು. ಇದು ಸದ್ಯಕ್ಕೆ ತೀವ್ರ ಕಾಯಿಲೆಗೆ, ಸಂಶೋಧನೆಯ ಚೌಕಟ್ಟಿನೊಳಗೆ ಕೊಡುವಂಥದ್ದು. ಬೇರೆಲ್ಲ ಆಗದೆ ಉಳಿದ ರುಮಟಾಯ್ಡ್ ರೋಗಿಗಳಲ್ಲೂ ಪ್ರಯತ್ನ ನಡೆಯುತ್ತಿದೆ. ಅಲ್ಲಿಯವರೆಗೆ ಕೈಯಲ್ಲಿರುವುದು ಮೇಲಿನ ಐದು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಟಿಬಿ ಮತ್ತು ಹೆಪಟೈಟಿಸ್ ಬಿ ರಿಪೋರ್ಟು, ಇಸಿಜಿ, ಹಾಕಿಸಿಕೊಂಡ ಲಸಿಕೆಗಳ ಪಟ್ಟಿ, ಇಷ್ಟನ್ನೂ ಒಂದೇ ಫೈಲಿನಲ್ಲಿಟ್ಟುಕೊಂಡು ಹೋಗಿ.